ಪ್ರಶಸ್ತಿ ಬಂದ ಮೇಲೆ ಓದಿದ ಪುಸ್ತಕ



ಕಳೆದ ವರ್ಷ ಮೇ ತಿಂಗಳ ಕೊನೆಯ ಶುಕ್ರವಾರ. ಮಳೆ ಬೇಗನೆ ಹಿಡಿದಿತ್ತು. ಜುಮಾ ಮುಗಿಸಿ ಜನ ಕೊಡೆ ಹುಡುಕುತ್ತಿದ್ದಾಗ ಹಿರಿಯರೊಬ್ಬರು ನನ್ನ ಬಳಿ ಬಂದು ಮಡಚಿದ ಪತ್ರಿಕೆಯ ತುಂಡೊಂದನ್ನು ಕೈಗಿಟ್ಟರು. "ಹಝ್ರತ್, ಇದನ್ನು ಮೊಮ್ಮಗಳು ಕೊಟ್ಟಿದ್ದಾಳೆ. ನಿಮ್ಮನ್ನು ಒಂದು ಮಾತು ಕೇಳಿಕೊಂಡು ಬಾ ಅಂದಿದ್ದಾಳೆ" ಎಂದರು. ತುಂಡಿನಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಚಿತ್ರವಿತ್ತು. ಹುಡುಗಿಯ ಪ್ರಶ್ನೆ ಇಷ್ಟೇ: "ಇವರಿಗೆ ಇಡೀ ಜಗತ್ತು ಗೌರವ ಕೊಟ್ಟಿದೆ. ನಮ್ಮ ಮಸೀದಿಯಲ್ಲಿ ಯಾಕೆ ಯಾರೂ ಮಾತಾಡಲಿಲ್ಲ?"

ಆ ಹುಡುಗಿ ಆಗಷ್ಟೇ ಪಿಯುಸಿ ಮುಗಿಸಿದ್ದಳು. ಮುಂದೆ ಓದಿಸಬೇಕೋ ಬೇಡವೋ ಎಂಬ ಚರ್ಚೆ ಅವಳ ಮನೆಯಲ್ಲಿ ನಡೆಯುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಆದ್ದರಿಂದ ಅವಳು ಕೇಳಿದ್ದು ಬಾನು ಅವರ ಬಗ್ಗೆ ಮಾತ್ರವಲ್ಲ, ತನ್ನ ಬಗ್ಗೆಯೂ ಕೇಳಿದ್ದಾಳೆ ಎಂದು ನನಗೆ ಅರ್ಥವಾಯಿತು. ಉತ್ತರ ಕೊಡಲು ನನಗೆ ಕೆಲವು ವಾರ ಹಿಡಿಯಿತು. ಜುಮಾ ಬಯಾನಿನಲ್ಲಿ ಸ್ವಲ್ಪ ಹೇಳಿದೆ. ಸಮಯ ಸಾಲದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಶಸ್ತಿಗಳ ಚರಿತ್ರೆ

ಇಂದು ಜಗತ್ತಿನಲ್ಲಿ ದೊಡ್ಡದೆಂದು ಎಣಿಸುವ ಪ್ರಶಸ್ತಿಗಳಿಗೆ ತುಂಬಾ ಹಳೆಯ ಇತಿಹಾಸವಿಲ್ಲ. ಡೈನಮೈಟ್ ಕಂಡುಹಿಡಿದು ಸಂಪತ್ತು ಗಳಿಸಿದ ಸ್ವೀಡನ್ನಿನ ಆಲ್ಫ್ರೆಡ್ ನೊಬೆಲ್ 1895ರಲ್ಲಿ ಉಯಿಲು ಬರೆದು, ತನ್ನ ಆಸ್ತಿಯ ಬಹುಭಾಗವನ್ನು ಮಾನವಕುಲಕ್ಕೆ ಉಪಕಾರ ಮಾಡಿದವರಿಗೆ ಬಹುಮಾನ ಕೊಡಲು ಮೀಸಲಿಟ್ಟ. 1901ರಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ವೈದ್ಯಕೀಯ, ಸಾಹಿತ್ಯ ಮತ್ತು ಶಾಂತಿಗೆ ಮೊದಲ ನೊಬೆಲ್ ಪ್ರಶಸ್ತಿಗಳು ಸಂದವು. ವಿಜ್ಞಾನವನ್ನು ಜನಸಾಮಾನ್ಯರಿಗೆ ತಲುಪಿಸಿದವರಿಗೆ ಯುನೆಸ್ಕೋ ಕೊಡುವ ಕಳಿಂಗ ಪ್ರಶಸ್ತಿ ನಮ್ಮ ಒಡಿಶಾದ ಬಿಜು ಪಟ್ನಾಯಕ್ ಅವರು ಕೊಟ್ಟ ದತ್ತಿಯಿಂದ ಆರಂಭವಾಯಿತು. ಏಷ್ಯಾದವರಿಗಾಗಿ ಫಿಲಿಪ್ಪೀನ್ಸ್ ದೇಶದಲ್ಲಿ ರಮೋನ್ ಮ್ಯಾಗ್ಸೆಸೆ ಪ್ರಶಸ್ತಿ ಶುರುವಾಯಿತು. ಅದು 1991ರಲ್ಲಿ ನಮ್ಮ ಮಲೆನಾಡಿನ ಹೆಗ್ಗೋಡಿಗೆ, ಕೆ.ವಿ. ಸುಬ್ಬಣ್ಣ ಅವರಿಗೆ ಬಂತು. ಸೌದಿ ಅರೇಬಿಯಾದ ಕಿಂಗ್ ಫೈಸಲ್ ಪ್ರಶಸ್ತಿ ಮೊದಲು ಸಂದದ್ದು 1979ರಲ್ಲಿ. ಅದು ದೀನಿ ಸೇವೆಯ ಜೊತೆಗೆ ಸಾಹಿತ್ಯ, ವೈದ್ಯಕೀಯ ಮತ್ತು ವಿಜ್ಞಾನಕ್ಕೂ ಸಲ್ಲುತ್ತದೆ.

ಆದರೆ ವಿದ್ಯೆಯನ್ನೂ ಮಾತಿನ ಕಲೆಯನ್ನೂ ಗೌರವಿಸುವುದು ನಮಗೆ ಯುರೋಪು ಕಲಿಸಿದ ಪಾಠವಲ್ಲ. ಸೀರತ್ ಓದಿದವರಿಗೆ ಕಅಬ್ ಇಬ್ನ್ ಝುಹೈರ್(ರ) ಅವರ ಘಟನೆ ಗೊತ್ತಿರುತ್ತದೆ. ಪ್ರವಾದಿ(ಸ)ರನ್ನು ನಿಂದಿಸಿ ಕವಿತೆ ಕಟ್ಟಿದ್ದ ಆ ಕವಿ ಕೊನೆಗೆ ಮದೀನಾಕ್ಕೆ ಬಂದು, ಮಸೀದಿಯಲ್ಲಿಯೇ ಕ್ಷಮೆ ಕೇಳಿ, ತಮ್ಮ ಕವಿತೆ ಹಾಡಿದರು. ಪ್ರವಾದಿ(ಸ) ತಾವು ಹೊದೆದಿದ್ದ ಚಾದರವನ್ನೇ ತೆಗೆದು ಅವರಿಗೆ ಹೊದಿಸಿದರು. ಹಸ್ಸಾನ್ ಇಬ್ನ್ ಸಾಬಿತ್(ರ) ಅವರಿಗೆ ಕವಿತೆ ಓದಲು ಮಸೀದಿಯೊಳಗೇ ಮಿಂಬರ್ ಹಾಕಿಸಿದ್ದರು. ಬದ್ರ್ ಯುದ್ಧದ ಕೈದಿಗಳಲ್ಲಿ ಹಣ ಕಟ್ಟಲಾಗದೆ ಓದುಬರಹ ಬಲ್ಲವರಾಗಿದ್ದವರಿಗೆ, ಮದೀನಾದ ಮಕ್ಕಳಿಗೆ ಬರಹ ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ಗೊತ್ತುಮಾಡಿದರು. ನಿನ್ನೆ ಕತ್ತಿ ಹಿಡಿದು ಬಂದ ಶತ್ರುವಿನ ಕೈಯಿಂದಲೂ ಅಕ್ಷರ ಕಲಿಯಬಹುದು ಎಂದು ನಮಗೆ ತೋರಿಸಿಕೊಟ್ಟವರು ಅವರು.

ಮುಂದೆ ಅಬ್ಬಾಸಿಯರ ಬಗ್ದಾದ್‌ನಲ್ಲಿ ಗ್ರೀಕ್ ವೈದ್ಯಗ್ರಂಥಗಳನ್ನು ಅರಬಿಗೆ ತಂದ ಹುನೈನ್ ಇಬ್ನ್ ಇಸ್ಹಾಕ್ ಎಂಬ ಅನುವಾದಕರಿದ್ದರು. ಅವರು ಕ್ರೈಸ್ತರು. ಅವರು ಅನುವಾದಿಸಿದ ಪುಸ್ತಕದ ತೂಕಕ್ಕೆ ಸಮನಾಗಿ ಖಲೀಫ ಮಾಮೂನ್ ಚಿನ್ನ ಕೊಡುತ್ತಿದ್ದರೆಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಅನುವಾದಕರನ್ನು ಲೇಖಕರಷ್ಟೇ ಎತ್ತರದಲ್ಲಿ ಕೂರಿಸಿದ ಆ ಕಾಲವನ್ನು ನೆನಪಿಡಿ. ನಮ್ಮ ಕಥೆಯಲ್ಲಿಯೂ ಅನುವಾದಕಿಯೊಬ್ಬರಿದ್ದಾರೆ.

ನಮ್ಮ ಊರುಗಳು

ನಾವಿರುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ಕಡೆಯ ಕುಪ್ಪಳಿಯಲ್ಲಿ. ಅದೇ ತೀರ್ಥಹಳ್ಳಿ ತಾಲ್ಲೂಕಿನ ಯು.ಆರ್. ಅನಂತಮೂರ್ತಿ 2013ರಲ್ಲಿ ಬೂಕರ್ ಅಂತಾರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೆ ಹೋಗಿದ್ದರು. ಆಗ ಆ ಪ್ರಶಸ್ತಿಯನ್ನು ಲೇಖಕರ ಒಟ್ಟು ಸಾಧನೆಗೆ ಕೊಡುತ್ತಿದ್ದರು. 2016ರಿಂದ ಅದರ ಕ್ರಮ ಬದಲಾಯಿತು. ಈಗ ಪ್ರತಿ ವರ್ಷ ಇಂಗ್ಲಿಷಿಗೆ ಅನುವಾದವಾದ ಒಂದು ಪುಸ್ತಕಕ್ಕೆ ಕೊಡುತ್ತಾರೆ. 50,000 ಪೌಂಡ್ ಬಹುಮಾನವನ್ನು ಲೇಖಕರಿಗೂ ಅನುವಾದಕರಿಗೂ ಸಮವಾಗಿ ಹಂಚುತ್ತಾರೆ.

ಶೃಂಗೇರಿಯ ವಿಷಯ ಬಂದರೆ ಇನ್ನೊಂದು ಗೌರವದ ಕಥೆ ಹೇಳಬೇಕು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ ಅವರಿಗೆ ಮಠದಲ್ಲಿ ಟಿಪ್ಪು ಸುಲ್ತಾನರ ಪತ್ರಗಳ ಕಟ್ಟು ಸಿಕ್ಕಿತು. ಪತ್ರಗಳು ಕನ್ನಡದಲ್ಲಿದ್ದವು. 1791ರಲ್ಲಿ ಮರಾಠರ ಸೈನ್ಯದ ದಂಡಾಳುಗಳು ಮಠವನ್ನು ಲೂಟಿ ಮಾಡಿದಾಗ ಸುಲ್ತಾನರು ಜಗದ್ಗುರುಗಳಿಗೆ ಸಾಂತ್ವನ ಬರೆದು, ಪುನರ್ನಿರ್ಮಾಣಕ್ಕೆ ಹಣ, ಸಾಮಗ್ರಿ ಕಳುಹಿಸಿದ್ದು ಆ ಪತ್ರಗಳಿಂದ ಲೋಕಕ್ಕೆ ತಿಳಿಯಿತು. ಗೌರವ ಕೊಡುವುದಕ್ಕೆ ಒಂದೇ ಧರ್ಮದವರಾಗಿರಬೇಕಿಲ್ಲ, ಎಲ್ಲ ವಿಷಯದಲ್ಲೂ ಒಮ್ಮತ ಇರಬೇಕಿಲ್ಲ. ಇದನ್ನು ತುಂಗೆಯ ದಡದವರಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆರು ತಿಂಗಳ ಗಡುವು

ಈಗ ಬಾನು ಮುಷ್ತಾಕ್ ಅವರ ವಿಷಯಕ್ಕೆ ಬರುತ್ತೇನೆ. ಅವರು ಹುಟ್ಟಿದ್ದು 1948ರಲ್ಲಿ, ಹಾಸನದಲ್ಲಿ. ತಂದೆ ಸರ್ಕಾರಿ ನೌಕರರು. ಮನೆಮಾತು ನಮ್ಮಲ್ಲಿ ಅನೇಕರಂತೆ ದಖನಿ ಉರ್ದು. ಎಂಟನೆಯ ವಯಸ್ಸಿನಲ್ಲಿ ತಂದೆ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿದರು. ಉರ್ದು ಮನೆಯ ಹುಡುಗಿ ಕನ್ನಡ ಕಲಿಯಬಲ್ಲಳೇ ಎಂಬ ಅನುಮಾನ ಶಾಲೆಯವರಿಗೆ. ಆರು ತಿಂಗಳಲ್ಲಿ ಓದಲು, ಬರೆಯಲು ಬಂದರೆ ಮಾತ್ರ ಇಟ್ಟುಕೊಳ್ಳುತ್ತೇವೆ ಎಂದು ಷರತ್ತು ಹಾಕಿದರು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು.

ಶಿವಮೊಗ್ಗ ನಮಗೆ ದೂರದ ಊರಲ್ಲ. ಎನ್.ಆರ್. ಪುರದಲ್ಲಿ ಬಸ್ಸು ಹತ್ತಿದರೆ ಜೊಹರ್ ನಮಾಝಿಗೆ ಮುಂಚೆ ಹೋಗಿ ಕೆಲಸ ಮುಗಿಸಿ ಬರಬಹುದು. ಲಂಡನ್ನಿನವರೆಗೆ ಹೋದ ಆ ದಾರಿ ಶುರುವಾದದ್ದು ಅಲ್ಲಿನ ಒಂದು ಕನ್ನಡ ಶಾಲೆಯ ಬೆಂಚಿನಲ್ಲಿ, ಮಗಳ ಕೈಹಿಡಿದು ಕರೆದುಕೊಂಡು ಹೋದ ಒಬ್ಬ ತಂದೆಯಿಂದ.

ಮುಂದೆ ಅವರು ಪತ್ರಕರ್ತೆಯಾಗಿ ಲಂಕೇಶ್ ಪತ್ರಿಕೆಗೆ ವರದಿ ಬರೆದರು, ವಕೀಲರಾದರು, ಹಾಸನದ ನಗರಸಭೆಗೆ ಆಯ್ಕೆಯಾದರು, ಬಂಡಾಯ ಸಾಹಿತ್ಯ ಚಳವಳಿಯಲ್ಲಿ ಇದ್ದರು. ಆರು ಕಥಾಸಂಕಲನಗಳನ್ನು ಬರೆದರು. ಅವರ 'ಕರಿ ನಾಗರಗಳು' ಕಥೆಯನ್ನು ಗಿರೀಶ್ ಕಾಸರವಳ್ಳಿ 'ಹಸೀನಾ' ಎಂಬ ಸಿನಿಮಾ ಮಾಡಿದರು. ಅದರಲ್ಲಿ ನಟಿಸಿದ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದು ಗಂಡ ಬಿಟ್ಟುಹೋದ ಹೆಣ್ಣೊಬ್ಬಳು ಮಕ್ಕಳೊಂದಿಗೆ ಮಸೀದಿಯ ಮುತವಲ್ಲಿಯ ಬಳಿ ನ್ಯಾಯ ಕೇಳಲು ಬರುವ ಕಥೆ.

ಈ ದಾರಿಯಲ್ಲಿ ಅವರು ಒಬ್ಬರೇ ಇರಲಿಲ್ಲ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್, ಮುಸ್ಲಿಮ್ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಕಲಿತು, 'ಚಂದ್ರಗಿರಿಯ ತೀರದಲ್ಲಿ' ಬರೆದರು. ಅದು ಮೊದಲು ಬಂದದ್ದು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ. ಅವರು 2023ರ ಜನವರಿಯಲ್ಲಿ ತೀರಿಕೊಂಡರು. ಅವರ ಬಗ್ಗೆಯೂ ನಮ್ಮಲ್ಲಿ ಗೌರವಕ್ಕಿಂತ ಗೊಣಗಾಟವೇ ಹೆಚ್ಚಿತ್ತು.

2025ರ ಮೇ 20ರಂದು ಲಂಡನ್ನಿನಲ್ಲಿ ಬೂಕರ್ ಅಂತಾರಾಷ್ಟ್ರೀಯ ಪ್ರಶಸ್ತಿ ಘೋಷಣೆಯಾಯಿತು. 1990ರಿಂದ 2023ರವರೆಗೆ ಬಾನು ಅವರು ಬರೆದ ಕಥೆಗಳಲ್ಲಿ 12ನ್ನು ಆರಿಸಿ ಮಡಿಕೇರಿಯ ದೀಪಾ ಭಾಸ್ತಿ ಅವರು 'ಹಾರ್ಟ್ ಲ್ಯಾಂಪ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದಿದ್ದರು. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಇದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಇದೇ ಮೊದಲು. ಅದನ್ನು ಪಡೆದ ಮೊದಲ ಭಾರತೀಯ ಅನುವಾದಕಿ ದೀಪಾ ಅವರು. ಅವರು ನಮ್ಮ ಸಮುದಾಯದವರಲ್ಲ. ಆದರೂ ನಮ್ಮ ಮನೆಗಳ ಉರ್ದು, ಅರಬಿ ಪದಗಳನ್ನು ಇಂಗ್ಲಿಷಿನಲ್ಲಿ ಹಾಗೆಯೇ ಉಳಿಸಿಕೊಂಡರು. ಅವುಗಳಿಗೆ ಅಡಿಟಿಪ್ಪಣಿ ಹಾಕಿ ಪರಕೀಯ ಮಾಡಲಿಲ್ಲ, ಓರೆ ಅಕ್ಷರದಲ್ಲಿ ಬೇರೆ ಮಾಡಲಿಲ್ಲ. ನಮ್ಮ ಅಡುಗೆಮನೆಯ ಮಾತು ಲಂಡನ್ನಿನಲ್ಲಿ ತಲೆ ತಗ್ಗಿಸದೆ ನಿಂತಿತು. ನನಗೆ ಹುನೈನ್ ನೆನಪಾದದ್ದು ಆಗ.

ನನ್ನ ತಪ್ಪು

ಈಗ ಹೇಳಲು ಕಷ್ಟವಾದ ಮಾತು.

2000ನೇ ಇಸವಿಯಲ್ಲಿ ಬಾನು ಮುಷ್ತಾಕ್ ಅವರು ಹೆಣ್ಣುಮಕ್ಕಳಿಗೆ ಮಸೀದಿಯಲ್ಲಿ ನಮಾಝ್ ಮಾಡುವ ಹಕ್ಕಿದೆ ಎಂದು ಮಾತನಾಡಿದರು. ಅದಕ್ಕೆ ಅವರಿಗೂ ಅವರ ಕುಟುಂಬಕ್ಕೂ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ ಹಾಕಿದರು. ಬೆದರಿಕೆಯ ಫೋನುಗಳು ಬಂದವು. ಒಬ್ಬ ಚಾಕು ಹಿಡಿದು ಬಂದ. ಅವರ ಯಜಮಾನರು ಅವನನ್ನು ತಡೆದರು.

ಆಗ ನಾನು ಮದ್ರಸದಲ್ಲಿ ಓದುತ್ತಿದ್ದೆ. ಇಪ್ಪತ್ತರ ಆಸುಪಾಸಿನ ವಯಸ್ಸು. ರಾತ್ರಿ ಊಟದ ದಸ್ತರ್‌ಖಾನಿನಲ್ಲಿ ಈ ವಿಷಯ ಬಂತು. ಯಾರೋ ಒಬ್ಬರು, ಆ ಹೆಂಗಸಿಗೆ ಬುದ್ಧಿ ಕಲಿಸಿದ್ದು ಸರಿಯಾಯಿತು ಎಂದರು. ನಾವೆಲ್ಲ ತಲೆಯಾಡಿಸಿದೆವು. ನಾನೂ ಆಡಿಸಿದೆ. ಅವರು ಬರೆದ ಒಂದು ಸಾಲನ್ನೂ ನಾನು ಓದಿರಲಿಲ್ಲ. ಅಲ್ಲಿದ್ದ ಯಾರೂ ಓದಿರಲಿಲ್ಲ.

ಅದೇ ದಿನಗಳಲ್ಲಿ ನಾವು ಹದೀಸಿನ ಕಿತಾಬುಗಳನ್ನು ಓದುತ್ತಿದ್ದೆವು. ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬೇಡಿ ಎಂಬ ಅರ್ಥದ ಪ್ರವಾದಿ(ಸ)ರ ಮಾತು ಬುಖಾರಿಯಲ್ಲಿಯೂ ಮುಸ್ಲಿಮ್‌ನಲ್ಲಿಯೂ ಇದೆ. ಕಾಲ ಕೆಟ್ಟಿದೆ, ಫಿತ್ನಾದ ಭಯವಿದೆ, ಮನೆಯಲ್ಲಿ ನಮಾಝ್ ಮಾಡುವುದೇ ಹೆಣ್ಣಿಗೆ ಉತ್ತಮ ಎಂದು ನಂತರದ ಫುಖಹಾಗಳು ಹೇಳಿದ್ದೂ ಇದೆ. ಎರಡೂ ನಮ್ಮ ಕಿತಾಬುಗಳಲ್ಲಿಯೇ ಇವೆ. ಇದು ಉಲಮಾಗಳು ಶತಮಾನಗಳಿಂದ ಚರ್ಚಿಸಿದ ಮಸ್‌ಅಲಾ. ಚರ್ಚೆಗೆ ಉತ್ತರ ಚರ್ಚೆ, ಚಾಕು ಅಲ್ಲ. 2020ರ ಜನವರಿಯಲ್ಲಿ ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯೇ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ, ನಮಾಝಿಗಾಗಿ ಹೆಣ್ಣುಮಕ್ಕಳು ಮಸೀದಿಗೆ ಬರಲು ಇಸ್ಲಾಮಿನಲ್ಲಿ ಅನುಮತಿ ಇದೆ, ಜಮಾಅತ್ ಅವರಿಗೆ ಕಡ್ಡಾಯವಲ್ಲ ಅಷ್ಟೇ ಎಂದು ತಿಳಿಸಿತು. 20 ವರ್ಷ ಮುಂಚೆ ಹಾಸನದ ಒಬ್ಬ ಹೆಣ್ಣುಮಗಳು ಹೇಳಿದ್ದಕ್ಕೆ ಬಹಿಷ್ಕಾರ, 20 ವರ್ಷದ ನಂತರ ಮಂಡಳಿ ಹೇಳಿದಾಗ ಮೌನ ಸಮ್ಮತಿ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಇಂಥದ್ದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅರಬಿ ಭಾಷೆಗೆ 1988ರಲ್ಲಿ ಸಾಹಿತ್ಯದ ನೊಬೆಲ್ ತಂದವರು ಈಜಿಪ್ಟಿನ ನಜೀಬ್ ಮಹ್‌ಫೂಝ್. ಪ್ರಶಸ್ತಿ ಸ್ವೀಕರಿಸಲು ಅವರು ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಸ್ಟಾಕ್‌ಹೋಮಿಗೆ ಕಳುಹಿಸಿದರು. ಆರು ವರ್ಷದ ನಂತರ, 1994ರಲ್ಲಿ, ಕೈರೋದಲ್ಲಿ ಒಬ್ಬ ಯುವಕ ಆ 82 ವರ್ಷದ ವೃದ್ಧರ ಕುತ್ತಿಗೆಗೆ ಚಾಕು ಹಾಕಿದ. ಅವರು ಬದುಕಿದರು, ಆದರೆ ಬರೆಯುವ ಬಲಗೈಯ ನರಗಳು ಹೋದವು. ಆ ಯುವಕ ಅವರ ಪುಸ್ತಕ ಓದಿಯೇ ಇರಲಿಲ್ಲ. ಓದದೆ ಚಾಕು ಎತ್ತಿದವನಿಗೂ ಓದದೆ ತಲೆಯಾಡಿಸಿದ ನನಗೂ ಎಷ್ಟು ಅಂತರ? ಅಂತರ ಇದೆ, ನಿಜ. ಆದರೆ ತಲೆಯಾಡಿಸುವವರು ಇರುವುದರಿಂದಲೇ ಚಾಕು ಎತ್ತುವವನಿಗೆ ಧೈರ್ಯ ಬರುತ್ತದೆ.

ಪುಸ್ತಕ ಓದಿದೆ

ಹುಡುಗಿಯ ಪ್ರಶ್ನೆಯ ನಂತರ ನಾನು ಬಾನು ಅವರ ಕನ್ನಡ ಕಥೆಗಳನ್ನು ತರಿಸಿ ಓದಿದೆ. 'ಎದೆಯ ಹಣತೆ'ಯಲ್ಲಿ ಮೆಹರುನ್ ಎಂಬ ಹೆಣ್ಣು ಬರುತ್ತಾಳೆ. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಕೂಸನ್ನೆತ್ತಿಕೊಂಡು ತವರಿಗೆ ಬಂದರೆ ಅವರು ಮನೆತನದ ಮರ್ಯಾದೆಯ ಮಾತಾಡಿ ಅವಳನ್ನು ಗಂಡನ ಮನೆಗೇ ತಂದು ಬಿಡುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ದೊಡ್ಡ ಮಗಳು ಕೂಸನ್ನು ಎತ್ತಿಕೊಂಡು ಬಂದು ಅಮ್ಮನನ್ನು ತಡೆಯುತ್ತಾಳೆ.

ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಕೆಲವು ವರ್ಷಗಳ ಹಿಂದೆ ಇಂಥದೇ ದುಃಖ ಹೊತ್ತು ಒಬ್ಬಳು ಹೆಣ್ಣುಮಗಳು ತನ್ನ ತಾಯಿಯೊಂದಿಗೆ ನನ್ನ ಮನೆಯ ಬಾಗಿಲಿಗೆ ಬಂದಿದ್ದಳು. "ಸಬ್ರ್ ಮಾಡು ಅಮ್ಮಾ, ಎಲ್ಲ ಸರಿಹೋಗುತ್ತೆ" ಎಂದು ಹೇಳಿ ಕಳುಹಿಸಿದ್ದೆ. ಅವಳ ಗಂಡನನ್ನು ಕರೆಸಿ ನಾಲ್ಕು ಮಾತು ಕೇಳಲಿಲ್ಲ. ಖುಲಾ ಎಂಬುದೊಂದು ಹಕ್ಕು ಶರೀಅತ್ ಅವಳಿಗೆ ಕೊಟ್ಟಿದೆ ಎಂದು ತಿಳಿಸಲಿಲ್ಲ. ಅಲ್ಲಾಹನ ದಯೆಯಿಂದ ಅವಳು ಬದುಕಿದ್ದಾಳೆ, ಹೊಲಿಗೆ ಮಾಡಿ ಮಕ್ಕಳನ್ನು ಸಾಕುತ್ತಿದ್ದಾಳೆ. ಅದು ಅವಳ ಹಿಮ್ಮತ್, ನನ್ನ ನಸೀಹತ್ತಿನ ಫಲವಲ್ಲ. ಸಬ್ರ್ ಎಂಬ ದೊಡ್ಡ ಮಾತನ್ನು ನಾನು ಬಾಗಿಲು ಮುಚ್ಚುವ ಚಿಲಕದಂತೆ ಬಳಸಿದ್ದೆ.

ಬಾನು ಅವರ ಎಲ್ಲ ಮಾತನ್ನೂ ನಾನು ಒಪ್ಪುತ್ತೇನೆ ಎಂದಲ್ಲ. ಕೆಲವು ಕಡೆ ನನಗೆ ಭಿನ್ನಾಭಿಪ್ರಾಯವಿದೆ. ಆದರೆ ಅವರು ದೂರು ಹೇಳುವುದು ದೀನಿನ ಮೇಲಲ್ಲ, ದೀನನ್ನು ಕೈಯಲ್ಲಿ ಹಿಡಿದುಕೊಂಡು ಅನ್ಯಾಯ ಮಾಡುವ ನಮ್ಮ ಮೇಲೆ. ನಮ್ಮ ಮಾನ ಹೊರಗಿನವರೆದುರು ಹೋಯಿತು ಎಂದು ಕೆಲವರು ಹೇಳುತ್ತಾರೆ. ಮಾನ ಹೋಗುವುದು ಕಥೆ ಬರೆದಾಗಲೋ, ಕಥೆಯಲ್ಲಿರುವಂತೆ ನಡೆದುಕೊಂಡಾಗಲೋ?

ಹುಡುಗಿಗೆ ಕೊಟ್ಟ ಉತ್ತರ

ಪ್ರಶಸ್ತಿ ಮೋಮಿನನ ಗುರಿಯಲ್ಲ. ನಮ್ಮ ಕರ್ಮಗಳ ಪ್ರತಿಫಲ ಕೊಡುವವನು ಅಲ್ಲಾಹನು. ತೋರಿಕೆಗಾಗಿ ಮಾಡಿದ ವಿದ್ಯೆಯ ಬಗ್ಗೆ ಎಚ್ಚರಿಕೆಯೂ ನಮಗಿದೆ. ಆದರೆ ಪ್ರಶಸ್ತಿಯ ಹಿಂದಿನ ಬದುಕನ್ನು ನೋಡಿ. 2015ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಡೆದ ಅಝೀಝ್ ಸಂಜಾರ್, ತುರ್ಕಿಯ ಸಣ್ಣ ಊರಿನ ಎಂಟು ಮಕ್ಕಳಲ್ಲಿ ಏಳನೆಯವರು. ಅವರ ತಂದೆತಾಯಿಗೆ ಓದುಬರಹ ಬರುತ್ತಿರಲಿಲ್ಲ. ಮಕ್ಕಳು ಓದಲೇಬೇಕು ಎಂದು ಮಾತ್ರ ಗೊತ್ತಿತ್ತು. 2025ರಲ್ಲಿ ಅದೇ ಪ್ರಶಸ್ತಿಯನ್ನು ಇಬ್ಬರೊಂದಿಗೆ ಹಂಚಿಕೊಂಡ ಉಮರ್ ಯಾಗಿ, ಜೋರ್ಡಾನಿನಲ್ಲಿ ಫೆಲೆಸ್ತೀನಿ ನಿರಾಶ್ರಿತರ ಮನೆಯಲ್ಲಿ ಬೆಳೆದವರು. ಜಾನುವಾರುಗಳೂ ಇದ್ದ ಒಂದೇ ಕೋಣೆಯ ಮನೆ ಅದು. ಹತ್ತು ವರ್ಷದ ಹುಡುಗ ಶಾಲೆಯ ಗ್ರಂಥಾಲಯಕ್ಕೆ ನುಗ್ಗಿ ತೆಗೆದ ಪುಸ್ತಕದಲ್ಲಿ ಅಣುಗಳ ಚಿತ್ರ ಕಂಡಿತು. 2014ರಲ್ಲಿ ಶಾಂತಿ ಪ್ರಶಸ್ತಿ ಪಡೆದಾಗ ಮಲಾಲಾಗೆ 17 ವರ್ಷ, ಆಕೆ ಕೇಳಿದ್ದು ಶಾಲೆಗೆ ಹೋಗುವ ಹಕ್ಕು. ಎಲ್ಲೆಡೆ ಇರುವುದು ಒಂದೇ ಸಂಗತಿ: ಯಾರೋ ಒಬ್ಬರು ಒಂದು ಬಾಗಿಲು ತೆರೆದರು, ಅಥವಾ ತೆರೆದ ಬಾಗಿಲನ್ನು ಮುಚ್ಚಲಿಲ್ಲ.

ನಮ್ಮ ಪ್ರವಾದಿ(ಸ)ರಿಗೆ ಬಂದ ಮೊದಲ ವಹೀಯೇ ಓದಿನ ಆಜ್ಞೆ. ಅದು ಗಂಡಿಗೆ ಮಾತ್ರ ಎಂದು ಎಲ್ಲಿಯೂ ಇಲ್ಲ. ಸಾವಿರಾರು ಹದೀಸುಗಳು ನಮಗೆ ತಲುಪಿದ್ದು ಹಝ್ರತ್ ಆಯಿಶಾ(ರ) ಅವರ ನೆನಪಿನಿಂದ.

ಆ ಹಿರಿಯರ ಮನೆಗೆ ಹೋದೆ. ಮೊಮ್ಮಗಳನ್ನೂ ಕರೆಸಿದರು. "ನೀನು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು ಮಗಳೇ: ನಾವು ಮಾತಾಡಲಿಲ್ಲ, ಯಾಕೆಂದರೆ ನಮಗೆ ನಾಚಿಕೆಯಾಗಿತ್ತು, ಮತ್ತು ನಾವು ಓದಿರಲಿಲ್ಲ" ಎಂದೆ. ಅವಳು ಏನೂ ಹೇಳಲಿಲ್ಲ. ಅವಳ ಅಜ್ಜಿ ಒಳಗಿಂದ ಚಾ ತಂದಿಟ್ಟು, "ಇವಳ ಅಪ್ಪನಿಗೆ ನೀವೇ ಒಂದು ಮಾತು ಹೇಳಿ ಹಝ್ರತ್, ನಾವು ಹೇಳಿ ಸಾಕಾಯಿತು" ಎಂದರು. ಹೇಳಿದೆ. ಅವರ ಭಯ ಹಣದ್ದಲ್ಲ, ದಾರಿಯದು. ದಿನಾ ಬಸ್ಸು, ಮಳೆಗಾಲದ ಕತ್ತಲು, ಜನರ ಬಾಯಿ. ಅದೇ ಕಾಲೇಜಿಗೆ ಹೋಗುವ ನಮ್ಮ ಮೊಹಲ್ಲೆಯ ಇನ್ನಿಬ್ಬರು ಹುಡುಗಿಯರ ಮನೆಯವರನ್ನು ಒಟ್ಟು ಕೂರಿಸಿದೆವು. ಈಗ ಮೂವರೂ ಒಟ್ಟಿಗೆ ಹೋಗಿಬರುತ್ತಿದ್ದಾರೆ. ಅವಳು ಬಿ.ಎ. ಮೊದಲ ವರ್ಷದಲ್ಲಿದ್ದಾಳೆ, ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಂಡಿದ್ದಾಳೆ.

ಇನ್ನೆರಡು ವಿಷಯಗಳನ್ನು ಜಮಾಅತಿನ ಮುಂದೆ ಇಟ್ಟಿದ್ದೇನೆ. ಒಂದು, ಮಸೀದಿಯ ಪಕ್ಕದ ಕೋಣೆಯಲ್ಲಿ ಒಂದು ಕಪಾಟು ಪುಸ್ತಕ: ದೀನಿ ಕಿತಾಬುಗಳ ಜೊತೆಗೆ ಕನ್ನಡದ ಒಳ್ಳೆಯ ಪುಸ್ತಕಗಳೂ ಇರಲಿ. ಎರಡು, ಆಸ್ಪತ್ರೆಗೋ ಸಂತೆಗೋ ಬಂದು ಬಸ್ ಸ್ಟ್ಯಾಂಡಿನಲ್ಲಿ ನಮಾಝಿನ ವಕ್ತ್ ಕಳೆದುಕೊಳ್ಳುವ ನಮ್ಮ ತಾಯಂದಿರು, ಸಹೋದರಿಯರಿಗೆ ವುಝೂ ಮಾಡಿ ನಮಾಝ್ ಮಾಡಲು ಬೇರೆ ಬಾಗಿಲಿನ ಒಂದು ಜಾಗ. ಮೊದಲನೆಯದಕ್ಕೆ ಎಲ್ಲರೂ ಒಪ್ಪಿದ್ದಾರೆ. ಎರಡನೆಯದಕ್ಕೆ ಕೆಲವರು ಒಪ್ಪಿದ್ದಾರೆ, ಕೆಲವರು ಯೋಚಿಸೋಣ ಎಂದಿದ್ದಾರೆ. ಯೋಚಿಸಲಿ. ನಾನೂ 25 ವರ್ಷ ತೆಗೆದುಕೊಂಡವನೇ.

ಓದುಗರಲ್ಲಿ ನನ್ನದೊಂದೇ ಕೋರಿಕೆ. ಒಬ್ಬರ ಬಗ್ಗೆ ತೀರ್ಪು ಹೇಳುವ ಮೊದಲು ಅವರ ಒಂದು ಪುಟವನ್ನಾದರೂ ಓದಿ. ಮನೆಯಲ್ಲಿ ಓದುವ ಹೆಣ್ಣುಮಗುವಿದ್ದರೆ, ಅವಳಿಗೆ ಮೊದಲ ಗೌರವ ನಿಮ್ಮಿಂದಲೇ ಸಿಗಲಿ.

ಅಲ್ಲಾಹನು ನಮ್ಮ ಇಲ್ಮನ್ನು ಹೆಚ್ಚಿಸಲಿ, ನಾವು ಅರಿಯದೆ ಆಡಿದ ಮಾತುಗಳನ್ನು ಕ್ಷಮಿಸಲಿ, ನಮ್ಮ ಮಕ್ಕಳ ದಾರಿಯನ್ನು ಸುಗಮಗೊಳಿಸಲಿ. ಆಮೀನ್.